ಕಾಲೇಜಿನ ಖರ್ಚಿನಲ್ಲಿ

ನಮ್ಮ ಭಾವ ಲೈಲ್ ನೊವೊಟ್ನಿಯವರು ಸುಳ್ಳುಗಾರರಲ್ಲ. ಅವರದು ಗ್ಯಾರೇಜಿನ ಬಾಗಿಲು ರಿಪೇರಿ ಮಾಡುವ ಕಸುಬು. ಆ ಕಸುಬಿನಲ್ಲಿ ಸುಳ್ಳಿಗೆ ಜಾಗ ಕಡಿಮೆ. ಬಾಗಿಲು ಒಂದೋ ಮೇಲೇಳುತ್ತದೆ, ಇಲ್ಲವೋ ಏಳುವುದಿಲ್ಲ. ಹಾಗಿದ್ದೂ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ನೆಬ್ರಾಸ್ಕದ ನಮ್ಮ ಮಿಲ್ ಫೋರ್ಕ್ ಊರಿನ ಪೆಟ್ರೋಲ್ ಬಂಕಿನಲ್ಲಿ, ಅವರ ಬಾಯಿಂದ ಒಂದು ಮಾತು ಜಾರಿತು. ಅದರ ಹಿಂದೆ ಅವರು ಮಿನೆಸೋಟದವರೆಗೆ ಓಡಬೇಕಾಯಿತು.

ಆ ಬಂಕಿನ ಒಳಗೆ ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜಿದೆ. ಬೆಳಗಿನ ಕಾಫಿಗೆ ಊರಿನ ಗಂಡಸರೆಲ್ಲ ಅಲ್ಲಿ ಸೇರುತ್ತಾರೆ. ಚರ್ಮದ ಲೋಟದಲ್ಲಿ ದಾಳ ಕುಲುಕಿ ಹಾಕಬೇಕು. ಕಡಿಮೆ ಬಿದ್ದವನು ಎಲ್ಲರ ಕಾಫಿಗೂ ದುಡ್ಡು ಕೊಡಬೇಕು. ಅವತ್ತು ಲೋಟ ಹಾರ್ಲನ್ ಪೊಸ್ಪಿಶಿಲ್ ಕೈಯಲ್ಲಿತ್ತು. ಹಾರ್ಲನ್ ಬಿತ್ತನೆ ಬೀಜದ ವ್ಯಾಪಾರಿ, ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ, ಎಲ್ಲಕ್ಕಿಂತ ಹೆಚ್ಚಾಗಿ ಫುಟ್‌ಬಾಲ್ ಆಡುವ ಹುಡುಗನೊಬ್ಬನ ಅಪ್ಪ. ಆ ಹುಡುಗನನ್ನು ತಂಡಕ್ಕೆ ಸೇರಿಸಿಕೊಳ್ಳಲು ಕಾಲೇಜಿನವರು ತಮ್ಮ ಖರ್ಚಿನಲ್ಲಿ ಕರೆಸಿಕೊಂಡದ್ದು ಬಿಟ್ಟರೆ, ಕ್ರಿಸ್‌ಮಸ್‌ನಿಂದ ಈಚೆಗೆ ಅವನ ಬಾಯಲ್ಲಿ ಬೇರೆ ವಿಷಯವೇ ಇರಲಿಲ್ಲ.

“ಹೋಟ್ಲು ಅವರ್ದು, ಊಟ ಅವರ್ದು, ಓಡಾಟ ಅವರ್ದು. ನಾನು ಪರ್ಸ್ ಮನೇಲೇ ಮರ್ತು ಹೋಗಿದ್ದೆ ಕಣ್ರಪ್ಪ. ವಾಪಸ್ ಬರೋವರ್ಗೂ ಅದು ಗೊತ್ತೇ ಆಗ್ಲಿಲ್ಲ,” ಎಂದ ಹಾರ್ಲನ್. ಆಮೇಲೆ ಭಾವನ ಕಡೆ ತಿರುಗಿದ. “ನಿಮ್ ಟೆಸ್ಸಾನೂ ಮಿನೆಸೋಟದ ಯಾವ್ದೋ ಕಾಲೇಜು ನೋಡೋಕೆ ಹೋಗ್ತಾಳಂತಲ್ಲ ಲೈಲ್. ಯಾರ ಖರ್ಚು?”

ಕೇಳುತ್ತ ಕೇಳುತ್ತ ಅವನು ಲೋಟ ಕುಲುಕುವುದನ್ನು ನಿಲ್ಲಿಸಿದ್ದೇ ತಪ್ಪಾಯಿತು. ಮೇಜಿನ ಸುತ್ತ ಇದ್ದ ಅಷ್ಟೂ ಟೋಪಿಗಳು ಭಾವನ ಕಡೆ ತಿರುಗಿದವು.

“ಅವರ್ದೇ,” ಎಂದರು ಭಾವ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. “ಮನೆ ಮಂದಿಗೆಲ್ಲ ಅವರ್ದೇ.”

ನಿಜ ಸಂಗತಿ ಏನೆಂದರೆ, ಭಾವನ ಮಗಳು ಟೆಸ್ಸಾ ಡಿಸ್ಕಸ್ ಎಂಬ ಭಾರದ ತಟ್ಟೆ ಎಸೆಯುತ್ತಾಳೆ. ಅವಳು ಎಸೆದರೆ ಅದನ್ನು ತರಲು ಪಕ್ಕದ ಹೊಲದವನ ಅಪ್ಪಣೆ ಕೇಳಬೇಕು. ರೆಡ್ ಪ್ರೇರಿ ಕಾಲೇಜಿನ ಕೋಚ್ ಸ್ಯಾಂಡೋವಲ್ ಎಂಬಾಕೆ ಅದನ್ನು ಒಂದು ಪಂದ್ಯದಲ್ಲಿ ಕಂಡು, “ಒಮ್ಮೆ ಬಂದು ಕಾಲೇಜು ನೋಡಿಕೊಂಡು ಹೋಗಿ, ಖರ್ಚು ಮಾತ್ರ ನಿಮ್ಮದೇ” ಎಂದು ಬಿಡಿಸಿ ಹೇಳಿದ್ದಳು. ಕಾಲೇಜಿನವರು ದುಡ್ಡು ಕೊಟ್ಟು ಕರೆಸುವುದು ಮನಸ್ಸು ಮಾಡಿದ ಮೇಲೆ. ಅದಕ್ಕೆ ಮುಂಚೆ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಊರೂರು ತಿರುಗಿ ತೋರಿಸಿ ಬರುವುದು ಹೆತ್ತವರ ಹಣೆಬರಹ. ಇದು ಭಾವನಿಗೆ ಗೊತ್ತಿತ್ತು, ನಮ್ಮ ಅಕ್ಕ ಗ್ವೆನ್‌ಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನು ಜೊತೆಗೆ ಹೊರಡುತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ.

ಭಾವ ಮನೆಗೆ ಬಂದು ಅಕ್ಕನ ಮುಂದೆ ತಪ್ಪೊಪ್ಪಿಕೊಂಡರಂತೆ. ಅಕ್ಕ ಬಟ್ಟೆ ಮಡಿಸುತ್ತಲೇ, “ಬಾಯಿ ಬಿಟ್ಟೋರು ನೀವು. ಮುಚ್ಚಿಕೊಳ್ಳೋ ದಾರೀನೂ ನೀವೇ ಹುಡುಕ್ಕೊಳ್ಳಿ,” ಎಂದಳಂತೆ. ಅವಳು ಮಾತಿಗೆ ತಪ್ಪುವವಳಲ್ಲ. ಆಮೇಲಿನ ಗದ್ದಲದಲ್ಲೆಲ್ಲ ಗಂಡನನ್ನು ಬಿಟ್ಟು ಕೊಡಲೂ ಇಲ್ಲ, ಕೈ ಹಿಡಿದು ಎತ್ತಲೂ ಇಲ್ಲ.

ಬಂಕಿನ ಮಾತು ಮಧ್ಯಾಹ್ನಕ್ಕೆ ಬ್ಯೂಟಿ ಪಾರ್ಲರ್ ತಲುಪಿತು. ಅಲ್ಲಿ ನಮ್ಮ ಅಮ್ಮ ಅಡೆಲಾ, ತಲೆಗೆ ಸುರುಳಿಗಳನ್ನು ಸುತ್ತಿಸಿಕೊಂಡು ಕೂತಿದ್ದಳು. ಸುರುಳಿಗಳ ಸಮೇತ ಎದ್ದು ಅಳಿಯನ ಮನೆಗೆ ಬಂದಳು.

“ಮನೆ ಮಂದಿಗೆಲ್ಲ ಅಂದ್ಯಂತೆ. ಅಜ್ಜಿ ಮನೆ ಮಂದಿ ಹೌದೋ ಅಲ್ವೋ?”

“ಅಯ್ಯೋ ಅತ್ತೆ, ದೂರದ ದಾರಿ. ದಿನವಿಡೀ ಕೂತಿರಬೇಕು. ನಿಮ್ಮ ಸೊಂಟ...”

“ನನ್ನ ಸೊಂಟದ ಚಿಂತೆ ನಿನಗೆ ಬೇಡ. ಪುಕ್ಕಟೆ ಅಂದ್ರೆ ಅದೇ ನೆಟ್ಟಗಾಗುತ್ತೆ. ನಂಗೆ ಬೇರೆ ರೂಮು ಹೇಳ್ಬಿಡು. ಗ್ವೆನ್ ಗೊರಕೆ ಹೊಡೀತಾಳೆ.”

ಭಾವ ಉತ್ತರ ಹುಡುಕುವುದರೊಳಗೆ ನಾನೂ ಬಾಗಿಲಲ್ಲಿ ನಿಂತಿದ್ದೆ. ಕಾರು ಓಡಿಸಲು ಒಬ್ಬ ಗಂಡಾಳು ಬೇಕಲ್ಲವೇ ಎಂದು ನಾನಾಗಿಯೇ ಕೇಳಿದೆ. ನನಗೂ ಒಂದು ರೂಮು ಎಂದಾಯಿತು. ಭಾವ ನಮ್ಮಿಬ್ಬರನ್ನೂ ನೋಡಿ ನಕ್ಕರು. ನಗುವಾಗ ಅವರ ಬಲಗಾಲು ನೆಲದ ಮೇಲೆ ಹೊಲಿಗೆ ಯಂತ್ರ ತುಳಿದ ಹಾಗೆ ಕುಣಿಯುತ್ತಿತ್ತು. ಆ ಕಾಲು ಮುಂದೆ ನಿಂತದ್ದನ್ನು ನಾನು ಕಾಣಲಿಲ್ಲ.

ಆ ಭಾನುವಾರ ಅವರ ಗ್ಯಾರೇಜಿನಿಂದ ಮೀನು ಹಿಡಿಯುವ ದೋಣಿ ಮಾಯವಾಯಿತು. ಹೆಂಡತಿ ಮಕ್ಕಳ ನಂತರ ಭಾವ ಪ್ರೀತಿಸುತ್ತಿದ್ದುದು ಆ ದೋಣಿಯನ್ನು. ಅಕ್ಕನನ್ನು ಕೇಳಿದರೆ ಈ ಅನುಕ್ರಮವನ್ನು ಬೇರೆಯಾಗಿ ಹೇಳಿಯಾಳು. ಎಲ್ಲಿ ಎಂದರೆ, “ಬಣ್ಣ ಹೊಡೆಯೋಕೆ ಕೊಟ್ಟಿದೀನಿ,” ಎಂದರು. ನಾನು ನಂಬಿದೆ. ನಂಬಿಕೆ ನನಗೆ ಹುಟ್ಟಿನಿಂದಲೇ ಬಂದದ್ದು.

ಗುರುವಾರ ಬೆಳಿಗ್ಗೆ ಹೊರಟಾಗ ಬೀದಿಯಲ್ಲಿ ಅಗ್ನಿಶಾಮಕ ದಳದ ಕೆಂಪು ಬೆಂಕಿಗಾಡಿ ನಿಂತಿತ್ತು. ರಾಜ್ಯಮಟ್ಟದ ಪಂದ್ಯಕ್ಕೆ ಹೋಗುವ ತಂಡಗಳನ್ನು ಸೈರನ್ ಹಾಕಿಕೊಂಡು ಊರ ಗಡಿಯವರೆಗೆ ಬೀಳ್ಕೊಡುವುದು ನಮ್ಮಲ್ಲಿ ರೂಢಿ. ಕಾಲೇಜಿನ ಖರ್ಚಿನಲ್ಲಿ ಹೋಗುವ ಹುಡುಗಿಗೂ ಅದೇ ಮರ್ಯಾದೆ ಸಲ್ಲಬೇಕೆಂದು ಹಾರ್ಲನ್ ತೀರ್ಮಾನಿಸಿದ್ದ. ಸೈರನ್ ಮೊಳಗಿತು, ಜನ ಅಂಗಡಿಗಳಿಂದ ಹೊರಬಂದು ಕೈ ಬೀಸಿದರು, ಅಮ್ಮ ಕಿಟಕಿಯಿಂದ ರಾಣಿಯ ಹಾಗೆ ಕೈಯಾಡಿಸಿದಳು. ಟೆಸ್ಸಾ ತನ್ನ ಆರಡಿ ಮೈಯನ್ನು ಹಿಂದಿನ ಸೀಟಿನಲ್ಲಿ ಮಡಿಸಿಕೊಂಡು ಕಿವಿಗೆ ಹಾಡು ಹಾಕಿಕೊಂಡಳು. ಭಾವ ಮಾತ್ರ ಸೀಟಿನಲ್ಲಿ ಜಾರುತ್ತ ಜಾರುತ್ತ, ಊರ ಗಡಿ ಬರುವ ಹೊತ್ತಿಗೆ ಹೊರಗಿನವರಿಗೆ ಅವರ ಟೋಪಿಯಷ್ಟೇ ಕಾಣುವಂತಾಗಿದ್ದರು.

ದಾರಿಯುದ್ದಕ್ಕೂ ಅವರಿಗೆ ಒಂದು ಕಡೆ ಕೂರಲಾಗಲಿಲ್ಲ. ಎಲ್ಲಿ ನಿಲ್ಲಿಸಿದರೂ ನಮಗಿಂತ ಮೊದಲು ಇಳಿದು ಕೌಂಟರಿಗೆ ಓಡುವರು, ಅಲ್ಲಿ ಪಿಸುಗುಟ್ಟುವರು, ಬೆವರು ಒರೆಸಿಕೊಂಡು ಬಂದು, “ಕಾಲೇಜಿನ ಹೆಸರು ಹೇಳ್ದೆ, ಆಯ್ತು,” ಎನ್ನುವರು. ಕಾಲೇಜಿನ ಹೆಸರಿಗೆ ಪೆಟ್ರೋಲ್ ಸಿಗುವುದು ಕಂಡು ನನಗೆ ವಿದ್ಯೆಯ ಮೇಲೆ ಗೌರವ ಬಂತು. ಇನ್ನೂ ಒಂದು ವಿಚಿತ್ರವೆಂದರೆ, ಮನೆಯಲ್ಲಿ ಬೆಳಿಗ್ಗೆ ಬಾಣಲೆ ತುಂಬ ಮೊಟ್ಟೆ ಮುಗಿಸುವ ಟೆಸ್ಸಾ ಎಲ್ಲಿ ಹೋದರೂ ಒಂದು ಬಟ್ಟಲು ಸೂಪು ಹೇಳುತ್ತಿದ್ದಳು. ಹಸಿವಿಲ್ಲ ಎನ್ನುವಳು. ದೊಡ್ಡ ಕಾಲೇಜು, ಹುಡುಗಿಗೆ ಭಯ ಇರಬೇಕು ಎಂದುಕೊಂಡು ನಾನು ಅವಳ ಪಾಲಿನ ಬ್ರೆಡ್ಡನ್ನೂ ತಿಂದೆ.

ಹೋಟೆಲಿನಲ್ಲಿ ಅಮ್ಮ ಎರಡು ಸಲ ರೂಮು ಬದಲಾಯಿಸಿದಳು. ಮೊದಲನೆಯದರಲ್ಲಿ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು, ಎರಡನೆಯದರಲ್ಲಿ ಏನೂ ಕಾಣುತ್ತಿರಲಿಲ್ಲ. ಮೂರನೆಯದು ಕೆರೆಯ ಕಡೆಗಿತ್ತು. “ಕಾಲೇಜಿನೋರು ಮರ್ಯಾದಸ್ಥರು,” ಎಂದಳು. ಭಾವ ಮತ್ತೆ ಕೌಂಟರಿಗೆ ಓಡಿದರು.

ಶುಕ್ರವಾರ ಕಾಲೇಜಿನ ಅಂಗಡಿಯ ಮುಂದೆ ಅಮ್ಮ ನಿಂತುಬಿಟ್ಟಳು. ಊರಿನಲ್ಲಿ ಅವಳ ಜೊತೆ ಕೌದಿ ಹೊಲಿಯುವ ಗೆಳತಿಯರಿದ್ದಾರೆ. ಅವರಿಗೆಲ್ಲ ಕಾಲೇಜಿನ ಹೆಸರು ಬರೆದ ಸ್ವೆಟ್‌ಶರ್ಟ್ ಬೇಕಂತೆ. “ರೂಮು ಕೊಟ್ಟೋರು ಇದಕ್ಕೆ ಇಲ್ಲ ಅಂತಾರಾ? ಕೇಳು, ಕೇಳಿದ್ರೆ ಏನು ಹೋಗುತ್ತೆ.” ನಾವು ಹೊರಗೇ ಇರಬೇಕೆಂದು ಹೇಳಿ ಭಾವ ಒಳಗೆ ಹೋದರು. ಹೊರಗೆ ಬಂದಾಗ ಎರಡೂ ಕೈಯಲ್ಲಿ ಚೀಲಗಳಿದ್ದವು. ಮುಖದಲ್ಲಿ ರಕ್ತ ಇರಲಿಲ್ಲ.

ಮಧ್ಯಾಹ್ನ ಮೈದಾನದಲ್ಲಿ ಕೋಚ್ ಸ್ಯಾಂಡೋವಲ್ ಸಿಕ್ಕಳು. ಟೆಸ್ಸಾಳ ಭುಜದ ಮೇಲೆ ಕೈಯಿಟ್ಟು ಎಸೆಯುವ ವೃತ್ತವನ್ನು ತೋರಿಸಿದಳು. ಇಬ್ಬರೂ ಅದರ ಸಿಮೆಂಟಿನ ನುಣುಪಿನ ಬಗ್ಗೆ ಅದೆಷ್ಟು ಹೊತ್ತು ಮಾತಾಡಿದರೋ. ಟೆಸ್ಸಾಳ ಮುಖ ಹಾಗೆ ಬೆಳಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಈ ಹುಡುಗಿಗೆ ಈ ಜಾಗ ಸಿಗಬೇಕು ಎಂದು ನನ್ನಂಥವನಿಗೂ ಅನ್ನಿಸಿತು. ಅಷ್ಟರಲ್ಲಿ ಅಮ್ಮ ಮುಂದೆ ಬಂದು ಕೋಚಿನ ಕೈ ಹಿಡಿದುಕೊಂಡಳು.

“ನಿಮ್ಮ ಉಪಕಾರ ಮರೆಯೋ ಹಾಗಿಲ್ಲಮ್ಮ. ರೂಮು ಬಲು ಚೆನ್ನಾಗಿದೆ. ಸ್ವೆಟ್‌ಶರ್ಟೂ ಅಷ್ಟೇ, ಒಳ್ಳೆ ದಪ್ಪ.”

“ರೂಮಾ? ಸ್ವೆಟ್‌ಶರ್ಟ್ ಯಾರು ಕೊಟ್ರು ಅಂದ್ರಿ?”

“ನೀವೇ.”

ಕೋಚಿನ ನಗು ಅಲ್ಲೇ ಒಣಗಿತು. ಭಾವ ನಡುವೆ ನುಗ್ಗಿ, “ನಮ್ಮತ್ತೆ ಸ್ವಲ್ಪ ತಮಾಷೆ,” ಎಂದು ಅಮ್ಮನ ತೋಳು ಹಿಡಿದು ಎಳೆದುಕೊಂಡು ಹೊರಟರು. ಅಮ್ಮ ತಮಾಷೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹಿಂದೆ ತಿರುಗಿ ನೋಡಿದರೆ ಕೋಚ್ ಆಗಲೇ ಫೋನ್ ಕಿವಿಗೆ ಹಿಡಿದಿದ್ದಳು.

ರಾತ್ರಿಯ ಊಟಕ್ಕೆ ಗಸ್ ಎಂಬುವನ ಹೋಟೆಲಿಗೆ ಹೋದೆವು. ಈಸ್ಟರಿಗೆ ಮುಂಚಿನ ವ್ರತದ ದಿನಗಳು. ಶುಕ್ರವಾರ ನಾವು ಮಾಂಸ ಮುಟ್ಟುವುದಿಲ್ಲ, ನೀರಿನಲ್ಲಿರುವುದು ಮಾತ್ರ ನಡೆಯುತ್ತದೆ. ಊರಲ್ಲಿದ್ದರೆ ಬೆಂಕಿಗಾಡಿಯ ಶೆಡ್ಡಿನಲ್ಲಿ ಊರವರೆಲ್ಲ ಸೇರಿ ಹುರಿದ ಮೀನು ತಿನ್ನುವ ದಿನ. ಅಮ್ಮ ಕನ್ನಡಕ ಏರಿಸಿ ಪಟ್ಟಿ ನೋಡಿ, “ವ್ರತ ಅಲ್ವಾ, ನನಗೆ ಲಾಬ್‌ಸ್ಟರ್ ಸಾಕು,” ಎಂದಳು. ಅದು ಪಟ್ಟಿಯಲ್ಲಿದ್ದ ಅತಿ ದುಬಾರಿ ತಿನಿಸು, ದೊಡ್ಡ ಕಡಲ ಸಿಗಡಿ. ದೇವರಿಗೆ ಹೆದರುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. ನಾನೂ ಅದನ್ನೇ ಹೇಳಿದೆ. ಟೆಸ್ಸಾ ಸೂಪು ಎಂದಳು. ಭಾವ ತಮಗೆ ನೀರು ಸಾಕೆಂದರು, ವ್ರತ ಸ್ವಲ್ಪ ಕಟ್ಟುನಿಟ್ಟು ಎಂದರು.

ಹೋಟೆಲಿನ ಯಜಮಾನ ಗಸ್ ಹಿಂದೆ ಇದೇ ಕಾಲೇಜಿನ ತಂಡದಲ್ಲಿ ಗುಂಡು ಎಸೆತದ ಆಟಗಾರನಾಗಿದ್ದವನು. ಟೆಸ್ಸಾಳ ಕೈ ನೋಡಿದ್ದೇ ಓಡಿ ಬಂದ. ಆ ಅಂಗೈಯನ್ನು ತನ್ನ ಅಂಗೈಗೆ ಒತ್ತಿ ಅಳೆದ. ಕಣ್ಣಲ್ಲಿ ನೀರು ತಂದುಕೊಂಡ. ಬಿಲ್ಲು ಬಂದಾಗ ಅದನ್ನು ಭಾವನ ಕೈಯಿಂದ ಕಿತ್ತು ಹರಿದು ಹಾಕಿದ.

“ಈ ಹುಡುಗಿ ಮನೆಯೋರ ಹತ್ರ ನಾನು ದುಡ್ಡು ಇಸ್ಕೊಳ್ಳೋದಾ? ಇವತ್ತು ನಂದು.”

ಭಾವನ ಕಾಲು ಎರಡು ದಿನಗಳಲ್ಲಿ ಮೊದಲ ಬಾರಿಗೆ ನಿಧಾನವಾಯಿತು. ನಾವೆಲ್ಲ ಒತ್ತೊತ್ತಾಗಿ ನಿಂತು ಗಸ್ ಜೊತೆ ಫೋಟೋ ತೆಗೆಸಿಕೊಂಡೆವು. ಗಸ್ ಅದನ್ನು ಅಲ್ಲೇ ಫೇಸ್‌ಬುಕ್ಕಿಗೆ ಹಾಕಿದ: ನಮ್ಮ ಮುಂದಿನ ಡಿಸ್ಕಸ್ ತಾರೆ ಮತ್ತು ಕುಟುಂಬ, ಇವತ್ತಿನ ಊಟ ನನ್ನ ಲೆಕ್ಕದಲ್ಲಿ.

ಕಾಫಿ ಇನ್ನೂ ಬಂದಿರಲಿಲ್ಲ, ಬಾಗಿಲು ತಳ್ಳಿಕೊಂಡು ಒಬ್ಬ ಸಣಕಲು ಮನುಷ್ಯ ಒಳಗೆ ನುಗ್ಗಿದ. ಫೇಸ್‌ಬುಕ್ಕಿನ ಫೋಟೋ ಕಂಡು ಊಟದ ಮಧ್ಯೆ ಎದ್ದು ಬಂದಿದ್ದ ಎಂದು ತೋರುತ್ತದೆ. ಕೊರಳಿಗೆ ಸಿಕ್ಕಿಸಿದ ಕರವಸ್ತ್ರ ಹಾಗೇ ಇತ್ತು. ಹಿಂದೆಯೇ ಕೋಚ್ ಸ್ಯಾಂಡೋವಲ್. ಸಣಕಲನ ಹೆಸರು ಅಬರ್ನಾಥಿ. ಕಾಲೇಜಿನವರು ಆಟದ ನಿಯಮ ಮೀರದಂತೆ ಕಾಯುವ ಅಧಿಕಾರಿ.

“ಸರ್, ಆ ಲಾಬ್‌ಸ್ಟರ್ ತಿಂದಾಗಿದೆಯಾ?” ಇದು ಅವನ ಮೊದಲ ಪ್ರಶ್ನೆ. ನಾನು ಖಾಲಿ ಚಿಪ್ಪು ತೋರಿಸಿದೆ. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

“ನೋಡಿ ಸರ್,” ಎಂದು ಭಾವನಿಗೆ ಹೇಳಿದ, “ನಾವಾಗಿ ಖರ್ಚು ಕೊಟ್ಟು ಕರೆಸೋವರ್ಗೂ ಕಾಲೇಜಿನೋರಾಗ್ಲಿ, ನಮ್ಮಲ್ಲಿ ಆಡಿ ಹೋದ ಹಳಬರಾಗ್ಲಿ ನಿಮ್ಮ ಮಗಳಿಗೆ, ನಿಮ್ಮ ಮನೆಯೋರಿಗೆ ಒಂದು ಕಾಫಿ ಪುಕ್ಕಟೆ ಕೊಟ್ರೂ ಅವಳು ನಮ್ಮಲ್ಲಿ ಎಸೆಯೋ ಹಾಗಿಲ್ಲ. ಈ ಊಟದ ದುಡ್ಡು ಈಗ್ಲೇ ಕೊಡ್ಬೇಕು. ಅದು ಬಿಡಿ. ರೂಮು ಯಾರು ಕೊಟ್ರು? ಸ್ವೆಟ್‌ಶರ್ಟ್ ಯಾರು ಕೊಟ್ರು?”

“ಕಾಲೇಜಿನೋರು,” ಎಂದಳು ಅಮ್ಮ.

“ನಾನು,” ಎಂದರು ಭಾವ.

ಭಾವ ನೀರಿನ ಲೋಟ ನೋಡುತ್ತ ಮತ್ತೆ ಹೇಳಿದರು: “ಎಲ್ಲಾ ನಾನೇ ಕೊಟ್ಟಿದ್ದು. ರೂಮು, ಪೆಟ್ರೋಲು, ಸ್ವೆಟ್‌ಶರ್ಟು, ಎಲ್ಲಾ.”

ಪಾಪ, ಕೊನೆಗೂ ನಿಜ ಹೇಳಿದ ಮನುಷ್ಯನಿಗೆ ಎಂಥ ಗತಿ ಬಂತು ನೋಡಿ. ಅಮ್ಮ ಕೈಯೆತ್ತಿ ಅಬರ್ನಾಥಿಯನ್ನು ತಡೆದಳು. “ಇವನ ಮಾತು ಕೇಳ್ಬೇಡಿ. ಸಂಕೋಚಕ್ಕೆ ಹೇಳ್ತಾನೆ. ಮದುವೆಯಾದಾಗಿನಿಂದ ನೋಡ್ತಾ ಇದೀನಿ, ಒಂದಿನ ನಂಗೊಂದು ಕಾಫಿ ಕುಡಿಸಿದೋನಲ್ಲ. ಇವನು ಕೆರೆ ಕಡೆ ರೂಮು ಕೊಡಿಸ್ತಾನಾ? ಕಾಲೇಜಿನೋರೇ ಕೊಟ್ಟಿದ್ದು. ಬೇಕಾದ್ರೆ ಬೈಬಲ್ ತನ್ನಿ.”

“ಅಮ್ಮಾ, ಅವರೇ ಕೊಟ್ಟಿದ್ದು. ಸುಮ್ನಿರು,” ಎಂದಳು ಅಕ್ಕ.

“ಹೆಂಡತಿ ಇನ್ನೇನು ಹೇಳ್ತಾಳೆ ಬಿಡಿ,” ಎಂದಳು ಅಮ್ಮ ಅಬರ್ನಾಥಿಗೆ.

ರಸೀದಿ ಎಲ್ಲಿ ಎಂದು ಅವನು ಕೇಳಿದ. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಭಾವ ಎಲ್ಲವನ್ನೂ ಹರಿದು ರೂಮಿನ ಕಕ್ಕಸಿಗೆ ಹಾಕಿ ನೀರು ಬಿಟ್ಟಿದ್ದರು. ಅವನು ನಾವು ಇಳಿದುಕೊಂಡಿದ್ದ ಹೋಟೆಲಿಗೆ ಫೋನ್ ಮಾಡಿದ. ದುಡ್ಡು ಬಂದಿದೆ, ನಗದು ಎಂದರು. ಅಬರ್ನಾಥಿಯ ಮುಖ ಇನ್ನೂ ಬಿಳಿಚಿಕೊಂಡಿತು. “ನಗದು? ಅಷ್ಟು ನಗದು ನಿಮಗೆ ಯಾರು ಕೊಟ್ರು ಸರ್? ಹಳಬರು ಯಾರಾದ್ರೂ ಲಕೋಟೆ ಗಿಕೋಟೆ...”

“ದೋಣಿ ಮಾರಿದೆ.”

“ಯಾರಿಗೆ?”

ಭಾವನ ಕಾಲು ಮತ್ತೆ ಜೋರಾಗಿ ಕುಣಿಯತೊಡಗಿತು. ಮೇಜಿನ ಮೇಲಿನ ಚಮಚಗಳೆಲ್ಲ ಸದ್ದು ಮಾಡಿದವು. ಎದುರಿಗೆ ಟೆಸ್ಸಾ ಸೂಪಿನ ಬಟ್ಟಲಿನ ಮೇಲೆ ಕೈಯಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ಅವರು ಅವಳನ್ನು ಒಂದು ಸಲ ನೋಡಿದರು, ಫೋನ್ ತೆಗೆದು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು ಹಾರ್ಲನ್ ಪೊಸ್ಪಿಶಿಲ್‌ಗೆ ಕರೆ ಮಾಡಿದರು.

“ಏನ್ ಲೈಲ್, ಸ್ವರ್ಗದಲ್ಲಿದೀಯಾ?” ಹಾರ್ಲನ್ ಕೂಗಿದ. “ಸ್ವಲ್ಪ ತಡಿ, ಇಲ್ಲಿ ಮೀನು ಹುರಿಯೋ ಗಲಾಟೆ. ಸ್ಪೀಕರಿಗೆ ಹಾಕ್ತೀನಿ, ನಿನ್ನ ಕಥೆ ಎಲ್ರೂ ಕೇಳ್ಬೇಕಂತೆ.”

ಅಂದರೆ ಬೆಂಕಿಗಾಡಿಯ ಶೆಡ್ಡಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಇಡೀ ಮಿಲ್ ಫೋರ್ಕ್ ನಮ್ಮ ಭಾವನ ಮಾತಿಗೆ ಕಿವಿಗೊಟ್ಟಿತ್ತು.

“ಹಾರ್ಲನ್, ನನ್ನ ದೋಣಿ ಯಾರು ತಗೊಂಡ್ರು ಅಂತ ಇಲ್ಲೊಬ್ರು ಅಧಿಕಾರಿಗೆ ಹೇಳು.”

“ನಾನೇ ತಗೊಂಡೆ. ದೊಡ್ಡದು ತಗೋತೀನಿ ಅಂದ್ಯಲ್ಲ?”

“ದೊಡ್ಡದು ತಗೊಳ್ಳಲ್ಲ. ಈ ಪ್ರಯಾಣಕ್ಕೆ ಮಾರಿದ್ದು. ಕಾಲೇಜಿನೋರು ಒಂದು ಕಾಸೂ ಕೊಟ್ಟಿಲ್ಲ, ಕೊಡೋ ಹಾಗೂ ಇಲ್ಲ. ನಾನು ಬಂಕಲ್ಲಿ ಹೇಳಿದ್ದು ಸುಳ್ಳು. ಎಲ್ರೂ ಕೇಳಿಸ್ಕೊಂಡ್ರಾ?”

ಆ ಕಡೆ ಎಣ್ಣೆ ಚೊರ್ ಎನ್ನುವುದು ಕೇಳಿಸಿತು. ಆಮೇಲೆ ಹೆಜ್ಜೆ ಸದ್ದು, ಕಬ್ಬಿಣದ ಬಾಗಿಲು ಮುಚ್ಚಿದ ಸದ್ದು. ಹಾರ್ಲನ್ ಹೊರಗೆ ಹೋಗಿದ್ದ. ಅವನ ದನಿ ತಗ್ಗಿತ್ತು.

“ಸ್ಪೀಕರ್ ತೆಗ್ದೆ. ನಿಂಗೊಬ್ಬನಿಗೇ ಹೇಳ್ತೀನಿ, ಎಲ್ಲೂ ಆಡ್ಬೇಡ. ನಮ್ಮ ಹುಡುಗಂದೂ ಅಷ್ಟೇ ಮಾರಾಯ. ಹೋಗಿದ್ದು ಎಷ್ಟೋ ಕಾಲೇಜಿಗೆ, ದುಡ್ಡು ಕೊಟ್ಟು ಕರ್ದಿದ್ದು ಒಂದೇ ಕಡೆ. ಉಳಿದಿದ್ದಕ್ಕೆಲ್ಲ ಕರುಗಳನ್ನ ಮಾರಿದೆ. ಪರ್ಸ್ ಮರ್ತೋಗಿರ್ಲಿಲ್ಲ, ಖಾಲಿಯಾಗಿತ್ತು.”

ಹೋಟೆಲಿನಲ್ಲಿದ್ದ ಅಷ್ಟೂ ಜನ, ಪಕ್ಕದ ಮೇಜಿನವರೂ ಸೇರಿ, ಇದನ್ನು ಕೇಳಿದೆವು. ಭಾವ ಮೆಲ್ಲನೆ ಫೋನ್ ಎತ್ತಿ ಕಿವಿಗೆ ಒತ್ತಿಕೊಂಡರು.

“ಇಲ್ಲಿ ಯಾರೂ ಕೇಳಿಸ್ಕೊಂಡಿಲ್ಲ, ಹಾರ್ಲನ್. ಹೋಗು, ಮೀನು ತಣ್ಣಗಾಗುತ್ತೆ,” ಎಂದರು. ನನಗೆ ತಿಳಿದಂತೆ ಆ ತಿಂಗಳಲ್ಲಿ ಅವರು ಹೇಳಿದ ಕೊನೆಯ ಸುಳ್ಳು ಅದು.

ಅಬರ್ನಾಥಿ ಕೊರಳಿನ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಇಷ್ಟು ಸಾಕು ಎಂದ. ಇನ್ನು ಊಟದ ದುಡ್ಡೊಂದು ಬಾಕಿ. ಗಸ್ ಅಳುತ್ತಲೇ ಹೊಸ ಬಿಲ್ಲು ಬರೆದ. ದೋಣಿಯ ದುಡ್ಡಿನಲ್ಲಿ ಉಳಿದದ್ದನ್ನೆಲ್ಲ ಭಾವ ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಅದು ಎರಡು ಲಾಬ್‌ಸ್ಟರಿನ ಹತ್ತಿರವೂ ಬರಲಿಲ್ಲ.

“ರಕ್ತಸಂಬಂಧಿಗಳು ಕೊಟ್ರೆ ತೊಂದ್ರೆ ಇಲ್ಲ,” ಎಂದ ಅಬರ್ನಾಥಿ.

“ಸೋದರಮಾವ ರಕ್ತಸಂಬಂಧೀನಾ?” ಅಕ್ಕ ಕೇಳಿದಳು. ಇಡೀ ಪ್ರಯಾಣದಲ್ಲಿ ಅವಳು ಆಸಕ್ತಿಯಿಂದ ಕೇಳಿದ ಪ್ರಶ್ನೆ ಅದೊಂದೇ.

“ಹೌದಮ್ಮ.”

ನಾನು ನನ್ನ ಲಾಬ್‌ಸ್ಟರಿನ ದುಡ್ಡು ಕೊಟ್ಟೆ. ತಿಂದದ್ದಕ್ಕಿಂತ ಕೊಟ್ಟದ್ದು ಹೆಚ್ಚು ಹೊತ್ತು ನೆನಪಿನಲ್ಲಿ ಉಳಿಯಿತು. ಅಮ್ಮ ತನ್ನದನ್ನು ತಾನೇ ಕೊಟ್ಟಳು. ಕೈಚೀಲ ಮುಚ್ಚಿ ಅಳಿಯನ ಕಡೆ ತಿರುಗಿದಳು.

“ಮೊದ್ಲೇ ಹೇಳೋದಲ್ವೇನೋ? ಅಷ್ಟೊಂದು ಸ್ವೆಟ್‌ಶರ್ಟ್ ಕೇಳ್ತಿರ್ಲಿಲ್ಲ. ಕೆರೆ ರೂಮೂ ಬೇಕಿರ್ಲಿಲ್ಲ.” ಆಮೇಲೆ, ಮಾಣಿಯನ್ನು ಕರೆದು, “ಇವನಿಗೇನಾದ್ರೂ ತಿನ್ನೋಕೆ ತಂದ್ಕೊಡಿ. ನಿನ್ನೆಯಿಂದ ನೀರು ಕುಡ್ಕೊಂಡಿದಾನೆ,” ಎಂದಳು.

ಹೊರಗೆ ಕಾರಿನ ಹತ್ತಿರ ಟೆಸ್ಸಾ ಅಪ್ಪನಿಗೆ, “ಖರ್ಚು ನಮ್ಮದೇ ಅಂತ ಕೋಚ್ ನಂಗೂ ಹೇಳಿದ್ರು,” ಎಂದಳು.

“ಗೊತ್ತಿತ್ತಾ? ಅದಕ್ಕೇ ಸೂಪು ಕುಡೀತಿದ್ಯಾ? ಮತ್ತೆ ಯಾಕೆ ಸುಮ್ನಿದ್ದೆ?”

“ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ.”

ಸೆಪ್ಟೆಂಬರಿನಲ್ಲಿ ಕೋಚ್ ಸ್ಯಾಂಡೋವಲ್ ಫೋನ್ ಮಾಡಿದಳು. ಕಾಲೇಜು ಮನಸ್ಸು ಮಾಡಿತ್ತು. ಈ ಸಲ ಹುಡುಗಿಯ ಜೊತೆ ಅಪ್ಪ ಅಮ್ಮ ಬರಲಿ, ಖರ್ಚೆಲ್ಲ ನಮ್ಮದು ಎಂದಳು. ಭಾವ ಈ ಸುದ್ದಿಯನ್ನು ಬಂಕಿನ ಮೇಜಿನಲ್ಲಿ ಹೇಳಿದಾಗ ಒಬ್ಬನೂ ನಂಬಲಿಲ್ಲ. ಹಾರ್ಲನ್ ಅವರನ್ನು ಮೂಲೆಗೆ ಕರೆದು, ಈಗ ಏನು ಮಾರಿದೆ ಎಂದು ಕೇಳಿದನಂತೆ.

ಮೂವರೇ ಹೋದರು. ಅಲ್ಲಿ ನಡೆದದ್ದನ್ನು ಅಕ್ಕ ನನಗೆ ಹೇಳಿದಳು. ದೊಡ್ಡ ಊಟ, ಕೋಚ್ ಇದ್ದಳು, ಅಬರ್ನಾಥಿಯೂ ಇದ್ದ. ಭಾವ ಬಡಿಸಿದ್ದನ್ನು ಉಂಡರು, ಆದರೆ ಮುಳ್ಳಿನ ಮೇಲೆ ಕೂತವರ ಹಾಗೆ ಉಂಡರು. ಎಲ್ಲ ಮುಗಿದು ಬಿಲ್ಲು ಬಂದಾಗ ಕೋಚ್ ಕೈ ಚಾಚಿದಳು; ಅದೇ ಹೊತ್ತಿಗೆ ಭಾವನ ಕೈಯೂ ತನ್ನಷ್ಟಕ್ಕೆ ಕಿಸೆಯ ಕಡೆ ಹೊರಟಿತು. ಟೆಸ್ಸಾ ಮೇಜಿನ ಕೆಳಗೆ ಆ ಕೈಯನ್ನು ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲು ನೋಡಿದರಂತೆ. ಡಿಸ್ಕಸ್ ಎಸೆಯುವ ಕೈ ಅದು, ಆಗಲಿಲ್ಲ. ಬಿಲ್ಲು ಹೋದ ಮೇಲೂ ಅವಳು ಬಿಡಲಿಲ್ಲ, ಅವರೂ ಬಿಡಿಸಿಕೊಳ್ಳುವುದನ್ನು ನಿಲ್ಲಿಸಿದರು.